ವಿಳಾಸ ಇಲ್ಲದವರ ಜೊತೆ 14 ವಾರ ನಾಟಕ ಮಾಡಿ ಮುಗಿಸಿದ ಕಥೆ

ಹೋದ ವಾರ ಕೊನೇ ವರದಿ ಕೊಟ್ಟು ಬಂದೆ, ಬಂದವಳೇ ಎರಡು ದಿನ ಮಲಗಿಬಿಟ್ಟೆ. ನಾನು ಮಾಡಿದ್ದು ಏನಪ್ಪಾ ಅಂದ್ರೆ ಒಂದು ಶೆಲ್ಟರ್‌ನಲ್ಲಿರೋ ದೊಡ್ಡವರಿಗೆ, ಅಂದ್ರೆ ಮನೆ ಇಲ್ಲದೋರು, ಜೈಲಿಂದ ಬಂದು ಕೆಲಸ ಹುಡುಕ್ತಿರೋರು, ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು, ಇವರಿಗೆಲ್ಲ ನಾಟಕದ ಮೂಲಕ ಓದು ಬರಹ ಕಲಿಸೋದು. ಶುರು ಮಾಡೋ ಮುಂಚೆ ಇಂಥದ್ದನ್ನ ಮಾಡಿ ಎಡವಿದೋರು ಯಾರಾದ್ರೂ ಬರೆದಿದಾರಾ ಅಂತ ತುಂಬಾ ಹುಡುಕಿದ್ದೆ, ಸಿಕ್ಕಿದ್ದೆಲ್ಲ ಚಪ್ಪಾಳೆ ತಟ್ಟೋ ಫೋಟೋಗಳೇ. ಅದಕ್ಕೆ ನಾನು ಎಡವಿದ್ದನ್ನೂ ಸೇರಿಸಿ ಬರೀತಿದೀನಿ. ಉದ್ದ ಆಗುತ್ತೆ, ಬೈಕೋಬೇಡಿ.

ಇದಕ್ಕೂ ಮುಂಚೆ ನಾನು ಎರಡು ವರ್ಷ ವಯಸ್ಕರ ಶಿಕ್ಷಣದ ಕ್ಲಾಸ್ ತಗೋತಿದ್ದೆ. ಪುಸ್ತಕ, ಬೋರ್ಡು, ಅ ಆ ಇ ಈ. ಮೊದಲ ದಿನ ತುಂಬ್ತಿತ್ತು, ನಾಲ್ಕನೇ ದಿನ ನಾನು ಮತ್ತೆ ಫ್ಯಾನು. ಐವತ್ತು ವರ್ಷದ ಮನುಷ್ಯನನ್ನ ಬೆಂಚಿನ ಮೇಲೆ ಕೂರಿಸಿ ಮಕ್ಕಳ ಪುಸ್ತಕ ಕೈಗೆ ಕೊಟ್ರೆ ಅವರಿಗೆ ಚಿಕ್ಕಂದಿನಲ್ಲಿ ತಿಂದ ಏಟೆಲ್ಲ ನೆನಪಾಗುತ್ತೆ, ಯಾಕೆ ಬರ್ತಾರೆ. ಕಾಲೇಜಲ್ಲಿ ನಾಲ್ಕು ನಾಟಕ ಮಾಡಿದ್ದೆ, ನಾಟಕದ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಪರ್ಮಿಷನ್‌ಗೆ 7 ವಾರ ಹಿಡೀತು. ಮೊದಲ ಪತ್ರಕ್ಕೆ ಪಠ್ಯಕ್ರಮ ಎಲ್ಲಿ ಅಂತ ವಾಪಸ್ ಬಂತು. ಎರಡನೇ ಸಲ ಪಠ್ಯಕ್ರಮ ಇಟ್ಟು ಕೊಟ್ಟೆ, ಯಾರಾದ್ರೂ ಕುಣಿಯೋಕೆ ಹೋಗಿ ಬಿದ್ದು ಕೈಕಾಲು ಮುರ್ಕೊಂಡ್ರೆ ಹೊಣೆ ಯಾರು ಅಂತ ಕೇಳಿದ್ರು. ಮೂರನೇ ಸಲ ನನ್ನ ಮೇಲೆ ಯಾವ ಕೇಸೂ ಇಲ್ಲ ಅನ್ನೋ ಪತ್ರ ಬೇಕು ಅಂದ್ರು, ಅದನ್ನ ತರೋಕೆ ಬೇರೆ 3 ವಾರ. ಈ ಮೂರನ್ನೂ ಮೊದಲ ದಿನವೇ ಒಟ್ಟಿಗೆ ಕೊಟ್ಟಿದ್ರೆ ಒಂದು ತಿಂಗಳು ಉಳೀತಿತ್ತು, ನೀವು ಹಾಗೇ ಮಾಡಿ. ಕೇಳ್ದೇ ಇದ್ರೂ ಕೊಡಿ.

ದುಡ್ಡು ಕೊಡೋ ಸಂಸ್ಥೆಯ ಅರ್ಜಿ ಇನ್ನೊಂದು ತಲೆನೋವು. ಅದರಲ್ಲಿ 'ಎಷ್ಟು ಜನ ಪರೀಕ್ಷೆ ಪಾಸಾಗುತ್ತಾರೆ' ಅಂತ ಒಂದು ಕಾಲಂ. ಯಾರು ಬರ್ತಾರೆ ಅನ್ನೋದೇ ಗೊತ್ತಿಲ್ಲ, ಪಾಸಾಗೋ ಲೆಕ್ಕ ಎಲ್ಲಿಂದ ತರ್ಲಿ. ಸುಮ್ನೆ 20 ಅಂತ ಬರೆದೆ. ಆ 20 ನನ್ನ ಬೆನ್ನು ಬಿದ್ದಿದ್ದು ಕೊನೇವರೆಗೂ ಬಿಡ್ಲಿಲ್ಲ.

ಮೊದಲ ದಿನ 16 ಜನ ಬಂದ್ರು. ಒಪ್ಪಿಗೆ ಪತ್ರ ತಗೊಂಡು ಹೋಗಿದ್ದೆ, ಎರಡೂವರೆ ಪುಟ, ಸಣ್ಣ ಅಕ್ಷರ. ಅದರಲ್ಲಿ ಏನಿದೆ ಅಂತ ವಿವರಿಸೋಕೆ ಬಾಯಿ ತೆಗೆಯೋಷ್ಟರಲ್ಲಿ ಒಬ್ಬರು 'ಎಲ್ಲಿ ಒತ್ಬೇಕು ಹೇಳಿ ಮೇಡಂ' ಅಂತ ಹೆಬ್ಬೆಟ್ಟು ಮುಂದೆ ಮಾಡಿದ್ರು. ಅವರ ಹಿಂದೆ ಉಳಿದೋರೂ. ಐದು ನಿಮಿಷದಲ್ಲಿ 16 ಪತ್ರಾನೂ ಆಯ್ತು, ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ. ಜೀವಮಾನ ಪೂರ್ತಿ ಅವರು ಹೀಗೇ ಒತ್ಕೊಂಡು ಬಂದಿದಾರೆ ಅಂತ ಅರ್ಥ ಆಗೋಕೆ ನನಗೆ ಆವತ್ತು ರಾತ್ರಿ ಆಯ್ತು, ಓದೋಕೆ ಕಲಿಸ್ತೀನಿ ಅಂತ ಬಂದೋಳು ಮೊದಲನೇ ಕೆಲಸಾನೇ ಓದದೆ ಇರೋ ಕಾಗದಕ್ಕೆ ಒತ್ತಿಸ್ಕೊಂಡು ಬಂದಿದ್ದೆ. ಮುಂದಿನ ವಾರ ಅದನ್ನೆಲ್ಲ ವಾಪಸ್ ಕೊಟ್ಟು ಒಂದೊಂದೇ ಸಾಲಿನ ಮೂರು ಚೀಟಿ ಮಾಡ್ಕೊಂಡು ಹೋದೆ, ದಪ್ಪ ಅಕ್ಷರ, ಪಕ್ಕದಲ್ಲಿ ಚಿತ್ರ: ಒಂದು ಸೇರೋದಕ್ಕೆ, ಒಂದು ಫೋಟೋಗೆ, ಒಂದು ಹೆಸರು ಹಾಕೋದಕ್ಕೆ. ಗಟ್ಟಿಯಾಗಿ ಓದಿ ಹೇಳಿ, ಬೇಡ ಅನ್ನೋಕೂ ಒಂದು ಜಾಗ ಇಟ್ಟಿದ್ದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರ ಹತ್ರ ಕೇಳಿ ಮುಗಿಸೋ ಹೊತ್ತಿಗೆ ಗೊತ್ತಾಯ್ತು, ಫೋಟೋಗೆ 9 ಜನ ಬೇಡ ಅಂದಿದ್ರು. ಅದರಲ್ಲಿ ಒಬ್ಬಾಕೆ ಮೆತ್ತಗೆ, 'ನನ್ನ ಫೋಟೋ ಎಲ್ಲಾದ್ರೂ ಬಂದ್ರೆ ಅವನು ಹುಡುಕ್ಕೊಂಡು ಬರ್ತಾನೆ' ಅಂದ್ರು. ಮೊದಲ ದಿನದ ಕಾಗದದಲ್ಲಿ ಅವರದ್ದೂ ಹೆಬ್ಬೆಟ್ಟು ಇತ್ತು, ಫೋಟೋ ಓಕೆ ಅನ್ನೋ ಸಾಲಿನ ಕೆಳಗೇ.

ಹೆಸರಿಗೂ ಒಂದು ದಾರಿ ಮಾಡ್ಕೊಂಡ್ವಿ. ಎಲ್ಲರೂ ತಮಗೆ ಬೇಕಾದ ಹೆಸರು ಇಟ್ಕೊಳ್ಳಿ ಅಂತ ಆಟ. ಬೀಗ, ಗುಡುಗು, ರೈಲು, ಪಿನ್ನು ಅಂತೆಲ್ಲ ಬಂತು. ಒಬ್ಬರು ಮಾತ್ರ ಎಷ್ಟು ಕೇಳಿದ್ರೂ 'ಆಮೇಲೆ ಹೇಳ್ತೀನಿ' ಅಂತಲೇ ಅಂದಿದ್ದಕ್ಕೆ ಅವರ ಹೆಸರು ಆಮೇಲಣ್ಣ ಅಂತಲೇ ಆಯ್ತು.

ಎರಡನೇ ವಾರ 5 ಜನ. ಮೂರನೇ ವಾರ 4. ನನ್ನಿಂದಲೇ ಏನೋ ತಪ್ಪಾಗಿದೆ ಅಂತ ಅಳು ಬರೋ ಹಾಗಾಗಿತ್ತು, ಹೋಗಿ ಒಬ್ಬೊಬ್ಬರನ್ನೇ ಕೇಳಿದ್ರೆ ಕಾರಣಗಳು ಬೇರೇನೇ. ಕ್ಲಾಸಿನ ಹೊತ್ತಿಗೇ ಕೂಲಿ ಕೆಲಸಕ್ಕೆ ಜನ ಕರ್ಯೋಕೆ ಬರ್ತಾರೆ, ಮಗೂನ ಎಲ್ಲಿ ಬಿಡೋದು, ಸಾಯಂಕಾಲ ಬೇಗ ಕ್ಯೂ ನಿಲ್ದೇ ಇದ್ರೆ ಹಾಸಿಗೆ ಸಿಗಲ್ಲ. ಆದ್ರೆ ಒಂದು ತಪ್ಪು ಮಾತ್ರ ಪಕ್ಕಾ ನನ್ನದೇ. ಕಣ್ಣು ಮುಚ್ಚಿ ಇನ್ನೊಬ್ಬರ ಕೈ ಹಿಡ್ಕೊಂಡು ನಡೆಯೋ ಆಟ ಇದೆಯಲ್ಲ, ಎಲ್ಲಾ ನಾಟಕ ಶಿಬಿರದಲ್ಲೂ ಆಡಿಸ್ತಾರೆ, ನಂಬಿಕೆ ಬೆಳೆಯುತ್ತೆ ಅಂತ. ನಾನೂ ಆಡಿಸ್ದೆ. ಒಬ್ಬಾಕೆ ನಿಂತಲ್ಲೇ ಮರಗಟ್ಟಿಬಿಟ್ರು, ಉಸಿರು ಸಿಕ್ಕಿಹಾಕ್ಕೊಂಡು ಹೊರಗೆ ಹೋದೋರು ಮತ್ತೆ ಬರ್ಲೇ ಇಲ್ಲ. ಏಟು ತಿಂದ ಮೈಗೆ ಕಣ್ಣು ಮುಚ್ಚು ಅನ್ನೋದು ಆಟ ಅಲ್ಲ. ಅವರನ್ನ ಇನ್ನೊಂದು ಸಲ ನೋಡಿ ಕ್ಷಮೆ ಕೇಳೋಕೂ ಆಗ್ಲಿಲ್ಲ ನನಗೆ. ಆಮೇಲಿಂದ ಕಣ್ಣು ಮುಚ್ಚೋದು ಇಲ್ಲ, ಮುಟ್ಟೋದು ಇಲ್ಲ, ಬಾಗಿಲು ಯಾವಾಗ್ಲೂ ತೆರೆದಿರ್ಬೇಕು, ಬಾಗಿಲ ಹತ್ರ ಎರಡು ಖಾಲಿ ಕುರ್ಚಿ, ಯಾರು ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದು, ಕಾರಣ ಕೇಳೋ ಹಾಗಿಲ್ಲ.

ಮೂರನೇ ವಾರವೇ ಇನ್ನೊಂದು ಪಾಠ ಆಯ್ತು, ಇದನ್ನ ಹೇಳೋಕೇ ಇಷ್ಟೆಲ್ಲ ಬರೀತಿರೋದು. ನನ್ನ ಪ್ಲಾನ್ ಏನಿತ್ತು ಅಂದ್ರೆ ಮೊದಲ ಅರ್ಧ ಗಂಟೆ ಆಟ, ನಗು, ಆಮೇಲೆ ಎಲ್ಲರೂ ಖುಷಿಯಾಗಿರುವಾಗ ಮೆಲ್ಲಗೆ ಒಂದು ವರ್ಕ್‌ಶೀಟ್ ಕೊಡೋದು. ಆವತ್ತು ಆಟ ಚೆನ್ನಾಗೇ ಆಯ್ತು, ನಾನು ಬ್ಯಾಗಿಂದ ಹಾಳೆ ತೆಗೆದೆ. ಬೀಗ ಅದನ್ನ ನೋಡಿ ಬೇಜಾರೇನೂ ಮಾಡ್ಕೊಳ್ದೆ ಹೇಳಿದ್ರು, 'ಮೇಡಂ, ಇದೂ ಸ್ಕೂಲೇ ತಾನೆ? ವೇಷ ಹಾಕ್ಕೊಂಡು ಬಂದಿದೆ, ಅಷ್ಟೇ.'

ಏನು ಉತ್ತರ ಕೊಡ್ಲಿ, ನಿಜಾನೇ. ಗಾಳಕ್ಕೆ ಹುಳ ಸಿಕ್ಕಿಸೋ ಹಾಗೆ ನಾನು ನಾಟಕಾನ ಸಿಕ್ಕಿಸಿದ್ದೆ.

ಆ ವಾರ ಮನೇಲಿ ಕೂತು ಇದನ್ನ ಸರಿಯಾಗಿ ಮಾಡಿದೋರು ಯಾರು ಅಂತ ಓದಿದೆ. ಬ್ರೆಜಿಲ್‌ನ ಪಾಲೊ ಫ್ರೇರೆ ಅಂತ, ಅವರು 1963ರಲ್ಲಿ ಅಂಜಿಕೋಸ್ ಅನ್ನೋ ಊರಲ್ಲಿ ಸುಮಾರು 300 ಜನ ಕೂಲಿಕಾರರಿಗೆ 40 ಗಂಟೆಯಲ್ಲಿ ಓದು ಬರಹ ಕಲಿಸೋ ಕೆಲಸ ಮಾಡಿದ್ರು. ಮಕ್ಕಳ ಪುಸ್ತಕ ಇಟ್ಕೊಂಡಲ್ಲ, ಆ ಜನ ದಿನಾ ಆಡೋ ಮಾತಿಂದಲೇ ಪದ ಆರಿಸಿ, ಮೊದಲು ಆ ಪದದ ಬಗ್ಗೆ ಮಾತಾಡಿ, ಆಮೇಲೆ ಅದನ್ನ ಒಡೆದು ಅಕ್ಷರ. ಇಟ್ಟಿಗೆ ಅನ್ನೋ ಅರ್ಥದ ಪದ ತಗೊಂಡು ತ ತೆ ತಿ ತೊ ತು ಅಂತ ಬಿಡಿಸ್ತಿದ್ರಂತೆ, ನಮ್ಮ ಕಾಗುಣಿತಾನೇ. ಮುಂದಿನ ವರ್ಷ ಮಿಲಿಟರಿ ಸರ್ಕಾರ ಬಂದು ಅವರನ್ನ ಜೈಲಿಗೆ ಹಾಕ್ತು. ಅದೇ ದೇಶದ ಆಗಸ್ಟೊ ಬೋಲ್ ನಾಟಕದವರು, 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡಿದ್ರು. ಅಲ್ಲಿಯ ಒಂದು ಘಟನೆ ಅವರೇ ಬರೆದಿದಾರೆ. ಒಬ್ಬ ಹೆಂಗಸಿಗೆ ಗಂಡ ಕಟ್ಟು ಕಾಗದ ಕೊಟ್ಟು, ಮನೆ ಕಟ್ಟಿಸ್ತಿರೋ ದುಡ್ಡಿನ ಲೆಕ್ಕ ಇದು, ಜೋಪಾನ ಅಂತ ಹೇಳಿದ್ದ. ಆಕೆಗೆ ಓದೋಕೆ ಬರಲ್ಲ, ಜೋಪಾನ ಮಾಡಿ ಇಟ್ಟಿದ್ಲು. ಆಮೇಲೆ ಪಕ್ಕದ ಮನೆಯವಳ ಹತ್ರ ಓದಿಸಿದ್ರೆ ಅದೆಲ್ಲ ಇನ್ನೊಬ್ಬಳು ಅವನಿಗೆ ಬರೆದ ಪ್ರೇಮಪತ್ರ. ಈ ಕಥೆಯನ್ನ ನಟರು ಆಡುವಾಗ ಹೆಂಡತಿ ಪಾತ್ರದವಳು ಏನು ಮಾಡ್ಬೇಕು ಅಂತ ಪ್ರೇಕ್ಷಕರನ್ನ ಕೇಳಿದ್ರು, ಒಬ್ಬ ದಪ್ಪ ಹೆಂಗಸು ಹೇಳ್ತಾನೇ ಇದ್ಲು, ನಟಿ ಎಷ್ಟು ಸಲ ಮಾಡಿ ತೋರಿಸಿದ್ರೂ ಆಕೆಗೆ ಸಮಾಧಾನ ಇಲ್ಲ. ಕಡೆಗೆ ಬಾಮ್ಮಾ ನೀನೇ ಮಾಡು ಅಂದಿದ್ದಕ್ಕೆ ವೇದಿಕೆ ಹತ್ತಿ ಪೊರಕೆ ತಗೊಂಡು ಗಂಡನ ಪಾತ್ರದವನಿಗೆ ನಿಜವಾಗ್ಲೂ ಬಾರಿಸಿದ್ಲು. ಫೋರಂ ಥಿಯೇಟರ್ ಅನ್ನೋ ಪದ್ಧತಿ, ಅಂದ್ರೆ ನೋಡೋಕೆ ಬಂದವರೇ 'ನಿಲ್ಸಿ' ಅಂತ ಕೂಗಿ ಪಾತ್ರದ ಜಾಗಕ್ಕೆ ಬಂದು ಆಡೋದು, ಅಲ್ಲಿಂದ ಬೆಳೀತು.

ನಾಲ್ಕನೇ ವಾರ ವರ್ಕ್‌ಶೀಟ್ ಎಲ್ಲ ಮನೇಲೇ ಬಿಟ್ಟು ಹೋದೆ. ಈ ವಾರ ನಿಮಗೆ ಸಿಟ್ಟು ಬಂದ ಒಂದು ಗಳಿಗೆ ಯಾವುದು, ಮಾತಾಡ್ಬೇಡಿ, ಮೈಯಲ್ಲೇ ನಿಂತು ತೋರ್ಸಿ ಅಂದೆ. ಮಾತು ಬಾರದೋರಿಗೆ, ನಾಚಿಕೆ ಪಡೋರಿಗೆ ಇದು ತುಂಬಾ ಸುಲಭ. ಗುಡುಗು ಅರ್ಧ ಬಗ್ಗಿ ಒಂದು ಕಿಂಡಿ ಒಳಗೆ ನೋಡೋ ಹಾಗೆ ನಿಂತ್ರು. ಎಲ್ಲರಿಗೂ ತಕ್ಷಣ ಗೊತ್ತಾಯ್ತು, ಅದು ಕೌಂಟರ್. ಪಿನ್ನು ಅವರು ಎದುರಿಗೆ ಕೂತು ಮುಖ ಎತ್ತದೆ 'ವಿಳಾಸ?' ಅಂದ್ರು. ಗುಡುಗು ಸುಮ್ನೆ ನಿಂತ್ರು. 'ವಿಳಾಸ ಇಲ್ವಾ? ಮುಂದಿನವರು ಬನ್ನಿ.'

ಯಾರೂ ನಗಲಿಲ್ಲ. ಅಲ್ಲಿದ್ದ 6 ಜನಕ್ಕೂ ಇದು ಆಗಿತ್ತು. ವಿಳಾಸ ಇಲ್ಲದೆ ಗುರುತಿನ ಚೀಟಿ ಇಲ್ಲ, ಚೀಟಿ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಬಾಡಿಗೆ ಕೊಟ್ಟು ವಿಳಾಸ ಮಾಡ್ಕೊಳ್ಳೋದು ಹೇಗೆ.

ನಾನು ಗೋಡೆ ಮೇಲೆ ದೊಡ್ಡ ಹಾಳೆ ಅಂಟಿಸಿ 'ವಿಳಾಸ' ಅಂತ ಬರೆದೆ. ಒಂದು ಗಂಟೆ ಆ ಪದದ ಬಗ್ಗೆ ಬರೀ ಮಾತು. ಆಮೇಲೆ ವ, ಳ, ಸ ಮೂರರ ಕಾಗುಣಿತ. ಇದೇ ಅಕ್ಷರಗಳಲ್ಲಿ ಇನ್ನೇನು ಪದ ಮಾಡ್ಬಹುದು ಅಂದ್ರೆ ವೇಳೆ, ಸುಳಿ, ಸೊಸೆ, ಸಾವು ಅಂತ ಬಂತು, ರೈಲು ಅವರು 'ವಾಸ' ಅಂದ್ರು. ಬೀಗ ಸ್ವಲ್ಪ ಹೊತ್ತು ಯೋಚನೆ ಮಾಡಿ, ಸುಳ್ಳು ಬರೀಬೇಕು, ಆ ಕೌಂಟರ್‌ನವನು ಹೇಳೋದು ಸುಳ್ಳು ಅಂದ್ರು. ಅಕ್ಷರ ಎಲ್ಲ ಇದಾವೆ ಆದ್ರೆ ಒತ್ತಕ್ಷರ ಬೇಕಲ್ಲ. ನನ್ನ ಪಠ್ಯಕ್ರಮದಲ್ಲಿ ಒತ್ತಕ್ಷರ ಇದ್ದಿದ್ದು 11ನೇ ವಾರಕ್ಕೆ. ನಾಲ್ಕನೇ ವಾರವೇ ಕಲಿತ್ರು, ಸುಳ್ಳು ಅಂತ ಬರೆಯೋಕೋಸ್ಕರ.

ನೀವು ಮಾಡೋದಾದ್ರೆ ಮೊದಲ ಪದಗಳನ್ನ ನೋಡಿ ಆರಿಸ್ಕೊಳ್ಳಿ. ವಿಳಾಸ, ಸಹಿ, ರಶೀದಿ, ಹೆಸರು ಇವೆಲ್ಲ ಸಲೀಸು. ಅರ್ಜಿ ಬಂತಾ, ಕಥೆ ಮುಗೀತು. ಅರ್ಕಾವತ್ತು ಬರೆಯೋದು ಅಕ್ಷರದ ಆದ್ಮೇಲೆ, ಹೇಳೋದು ಅಕ್ಷರಕ್ಕೆ ಮುಂಚೆ, ಇದು ಯಾಕೆ ಹೀಗೆ ಅಂತ ಪಿನ್ನು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲಿಂದ ನಾಟಕ ತಾನಾಗೇ ಬೆಳೀತು. ಅವರು ಆಡಿದ ಮಾತನ್ನ ನಾನು ಹಾಗಾಗೇ ಬರ್ಕೊಳ್ಳೋದು, ತಿದ್ದೋ ಹಾಗಿಲ್ಲ, ಮುಂದಿನ ವಾರ ದಪ್ಪ ಅಕ್ಷರದಲ್ಲಿ ಪ್ರಿಂಟ್ ತಗೊಂಡು ಹೋಗೋದು. ತಮ್ಮದೇ ಮಾತು ಆದ್ದರಿಂದ ಅರ್ಧ ನೆನಪು, ಅರ್ಧ ಓದು. ಒಂದು ದಿನ ಪಿನ್ನು ಬೆರಳಿಟ್ಟು ಓದ್ತಾ ಓದ್ತಾ ನಿಲ್ಲಿಸಿ, 'ಮೇಡಂ ಇಲ್ಲಿ ತಪ್ಪಾಗಿದೆ, ಗುಡುಗು ಹೋಗ್ರಿ ಅಂದಿದ್ರು, ನೀವು ಹೋಗಿ ಅಂತ ಬರ್ದಿದೀರ' ಅಂದ್ರು. ಬಂದಾಗ ಅವರಿಗೆ ತಮ್ಮ ಹೆಸರಿನ ಮೊದಲ ಅಕ್ಷರ ಬಿಟ್ರೆ ಏನೂ ಬರ್ತಿರ್ಲಿಲ್ಲ. ನಾನು ಸರಿ ಮಾಡ್ತೀನಿ ಅಂತ ಪೆನ್ನು ತೆಗೆದೆ, ಕೊಡಿ ಇಲ್ಲಿ ಅಂತ ಪೆನ್ನು ಕಿತ್ಕೊಂಡು ಅವರೇ ತಿದ್ದಿದ್ರು. ಆವತ್ತಿಂದ ಪ್ರಾಂಪ್ಟರ್, ಅಂದ್ರೆ ನಟರು ಮಾತು ಮರೆತಾಗ ಹಾಳೆ ನೋಡಿ ಹೇಳ್ಕೊಡೋರು, ಅವರೇ.

ಆಮೇಲಣ್ಣನದ್ದು ಬೇರೆ ಕಥೆ. ನಾಲ್ಕನೇ ಕ್ಲಾಸ್‌ವರೆಗೆ ಹೋಗಿದ್ದೆ, ಈಗ ಎಲ್ಲ ಮರೆತುಹೋಗಿದೆ, ತಲೇಲಿ ನಿಲ್ಲಲ್ಲ ಅಂತ ಹೇಳ್ತಾನೇ ಇದ್ರು. ಅವರಿಗೆ ಕೌಂಟರ್ ಗುಮಾಸ್ತನ ಪಾತ್ರ ಬಂತು, ಗುಮಾಸ್ತ ಅಂದ್ರೆ ಕನ್ನಡಕ ಬೇಡ್ವಾ ಅಂತ ಯಾರೋ ಒಬ್ಬರು ತಮ್ಮ ಹಳೇ ಓದೋ ಕನ್ನಡಕ ಕೊಟ್ರು. ಹಾಕ್ಕೊಂಡು ಕೈಯಲ್ಲಿದ್ದ ಹಾಳೆ ನೋಡಿದೋರು ಹಾಗೇ ನಿಂತ್ಬಿಟ್ರು. ಅಕ್ಷರ ಕಾಣ್ತಿತ್ತು! ನಲವತ್ತು ದಾಟಿದ್ಮೇಲೆ ಹತ್ತಿರದ್ದು ಮಂಜಾಗೋದು ಎಲ್ಲರಿಗೂ ಆಗೋದೇ, ಅವರು ಅದನ್ನ ಇಷ್ಟು ವರ್ಷ ತಮ್ಮ ದಡ್ಡತನ ಅಂದ್ಕೊಂಡಿದ್ರು. ನಾನೂ 5 ವಾರ ಅದನ್ನೇ ಅಂದ್ಕೊಂಡಿದ್ದೆ, ಅದು ಇನ್ನೂ ನಾಚಿಕೆಗೇಡು. ದಯವಿಟ್ಟು ಮೊದಲ ವಾರವೇ ಎಲ್ಲರ ಕಣ್ಣು ತಪಾಸಣೆ ಮಾಡ್ಸಿ, ಅಕ್ಷರ ಆಮೇಲೆ.

ಎಲ್ಲ ಹೀಗೇ ಚೆನ್ನಾಗಿ ನಡೀತು ಅಂತ ಅಂದ್ಕೋಬೇಡಿ. 8ನೇ ವಾರ ಹಾಲ್ ಇನ್ಯಾವುದೋ ಕಾರ್ಯಕ್ರಮಕ್ಕೆ ಕೊಟ್ಟುಬಿಟ್ಟಿದ್ರು, ನಮಗೆ ಯಾರೂ ಹೇಳಿರ್ಲಿಲ್ಲ, ಮೆಟ್ಟಿಲ ಮೇಲೆ ಕೂತು ತಾಲೀಮು ಮಾಡಿದ್ವಿ. ರೈಲು ಅವರು ಹೇಳದೇ ಕೇಳದೇ ಹೊರಟುಹೋದ್ರು, ಹೆಸರಿಗೆ ತಕ್ಕ ಹಾಗೆ. 9ನೇ ವಾರ ದೊಡ್ಡ ಗಲಾಟೆ. ಆಮೇಲಣ್ಣ ಗುಮಾಸ್ತನ ಪಾತ್ರ ಎಷ್ಟು ಚೆನ್ನಾಗಿ ಮಾಡಿದ್ರು ಅಂದ್ರೆ ಗುಡುಗು ತಡ್ಕೊಳ್ಳೋಕಾಗದೆ ಫೈಲ್ ಎತ್ತಿ ಮುಖಕ್ಕೆ ಎಸೆದ್ರು. ಇಬ್ಬರೂ ಎರಡು ದಿನ ಮಾತಾಡ್ಲಿಲ್ಲ. ಅದು ಗುಡುಗು ಅವರದ್ದೇ ಕಥೆ, ಅವರದ್ದೇ ಹೆಸರಲ್ಲಿ, ಪ್ರತಿ ತಾಲೀಮಲ್ಲೂ ಅದೇ ಅವಮಾನ ಮತ್ತೆ ಮತ್ತೆ. ನಾನು ಅದನ್ನ ಗಮನಿಸ್ಬೇಕಿತ್ತು. ಆಮೇಲೆ ಎಲ್ಲರೂ ಸೇರಿ ಒಂದು ಕಲ್ಪನೆಯ ಪಾತ್ರ ಮಾಡಿದ್ವಿ, ಎಲ್ಲರ ಅನುಭವಾನೂ ಸ್ವಲ್ಪ ಸ್ವಲ್ಪ ಹಾಕಿ, 'ನಾನು' ಅನ್ನೋದು 'ಅವನು' ಆಯ್ತು, ಗುಡುಗು ಬೇರೆ ಪಾತ್ರಕ್ಕೆ ಹೋದ್ರು. ಸ್ವಂತ ನೋವನ್ನ ವೇದಿಕೆ ಮೇಲೆ ತರಿಸೋದು ದೊಡ್ಡ ಕಲೆ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಗುಂಪು ಮನೆಗೆ ಹೋದ್ಮೇಲೆ ಆ ನೋವಿನ ಜೊತೆ ಮಲಗೋದು ಅವರು, ನಾವಲ್ಲ.

ಖರ್ಚಿನ ವಿಷ್ಯ. ಬಜೆಟ್‌ನಲ್ಲಿ ಕಾಸ್ಟ್ಯೂಮ್, ಲೈಟು, ಮೇಕಪ್ ಅಂತ ಬರೆದಿದ್ದೆ, ಒಂದಕ್ಕೂ ಖರ್ಚು ಮಾಡ್ಲಿಲ್ಲ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಅವರ ಬಸ್ ಚಾರ್ಜಿಗೆ ಮತ್ತೆ ಮಕ್ಕಳನ್ನ ನೋಡ್ಕೊಳ್ಳೋಕೆ ಕರ್ಸಿದ ಹುಡುಗಿಗೆ, ಉಳಿದಿದ್ದು ಪ್ರಿಂಟು, ದಪ್ಪ ಮಾರ್ಕರ್, ಕನ್ನಡಕ. ಈ ಬದಲಾವಣೆಗೆ ಒಪ್ಪಿಗೆ ತಗೊಳ್ಳೋಕೆ ಮತ್ತೆ ಎರಡು ಪತ್ರ ಬರೀಬೇಕಾಯ್ತು. ಕೂಲಿ ಬಿಟ್ಟು ಬರೋ ದಿನಕ್ಕೆ ಏನಾದ್ರೂ ಕೊಡ್ತೀರಾ ಅಂತ ಇಬ್ಬರು ಕೇಳಿದ್ರು, ಕೊಡೋಕೆ ಆಗ್ಲಿಲ್ಲ, ಒಬ್ಬರು ಬಿಟ್ಟುಹೋದ್ರು. ನನಗೆ ಸಂಭಾವನೆ ಇತ್ತು ಅವರಿಗೆ ಇರ್ಲಿಲ್ಲ, ಇದು ಇವತ್ತಿಗೂ ಚುಚ್ಚುತ್ತೆ. ಮುಂದೆ ಮಾಡೋರು ಅರ್ಜಿಯಲ್ಲೇ ಇದಕ್ಕೊಂದು ಸಾಲು ಹಾಕಿ.

13ನೇ ವಾರ ಪ್ರದರ್ಶನ. ಒಟ್ಟು 7 ಜನ ನಟರು, ಪ್ರೇಕ್ಷಕರು 40 ಇರ್ಬಹುದು, ಶೆಲ್ಟರ್‌ನವರು, ಸಿಬ್ಬಂದಿ, ದುಡ್ಡು ಕೊಟ್ಟ ಸಂಸ್ಥೆಯಿಂದ ಇಬ್ಬರು. ಮೊದಲು 15 ನಿಮಿಷದ ನಾಟಕ ಪೂರ್ತಿ, ಅವನು ಸೋತು ಕೌಂಟರ್‌ನಿಂದ ವಾಪಸ್ ಹೋಗೋದರವರೆಗೆ. ಎರಡನೇ ಸಲ ಆಡುವಾಗ ಯಾರು ಬೇಕಾದ್ರೂ ನಿಲ್ಲಿಸಿ ಅವನ ಜಾಗಕ್ಕೆ ಬರಬಹುದು ಅಂತ ನಿಯಮ ಹೇಳಿದೆ. ಮಧ್ಯ ನಿಂತು ನಡೆಸಿಕೊಡೋರಿಗೆ ಜೋಕರ್ ಅಂತಾರೆ, ಅದು ನಾನು. ಮೊದಲ ಎರಡು ನಿಮಿಷ ಪೂರ್ತಿ ಮೌನ, ಬೆವರು ಇಳೀತಿತ್ತು. ಮಾತು ತುಂಬೋಕೆ ಹೋಗ್ಬೇಡಿ, ಸುಮ್ನೆ ಕಾಯಿರಿ. ಒಬ್ಬ ಹುಡುಗ ಎದ್ದು ಬಂದು ಗುಮಾಸ್ತನಿಗೆ ಕೂಗಾಡಿದ, ಆಮೇಲಣ್ಣ ಸೆಕ್ಯುರಿಟಿ ಕರೆದ್ರು. ಇನ್ನೊಬ್ಬರು ಲಂಚ ಕೊಡೋಕೆ ನೋಡಿದ್ರು, ಜೇಬಲ್ಲಿ ದುಡ್ಡೇ ಇಲ್ಲ ಅಂತ ಎಲ್ಲರೂ ನಕ್ಕರು. ಸಿಬ್ಬಂದಿಯ ಒಬ್ಬರು ಬಂದು ನೇರ ಗುಮಾಸ್ತನ ಜಾಗದಲ್ಲೇ ಕೂತು 'ಪರವಾಗಿಲ್ಲ ಕೂತ್ಕೊಳ್ಳಿ, ನಾನೇ ತುಂಬಿಸಿ ಕೊಡ್ತೀನಿ' ಅಂತ ಒಳ್ಳೆಯವರಾದ್ರು. ಹಿಂದಿನ ಸಾಲಿಂದ ಯಾರೋ 'ಅದು ಮಾಯಾಜಾಲ!' ಅಂತ ಕೂಗಿದ್ರು, ಈ ಪದ್ಧತಿಯಲ್ಲೂ ಅದಕ್ಕೆ ಮ್ಯಾಜಿಕ್ ಅಂತಾನೇ ಹೇಳೋದು, ನಾನು ಹೇಳ್ಕೊಟ್ಟಿರ್ಲಿಲ್ಲ.

ಆಮೇಲೆ ಒಬ್ಬಾಕೆ ಬಂದ್ರು, ಒಂದು ಕ್ಲಾಸಿಗೂ ಬಂದೋರಲ್ಲ, ಸ್ವಲ್ಪ ವಯಸ್ಸಾದವರು. ವಿಳಾಸ ಅಂತ ಕೇಳಿದ್ದಕ್ಕೆ ಶೆಲ್ಟರ್‌ನ ವಿಳಾಸ ಹೇಳಿದ್ರು. ನಡೆಯಲ್ಲ ಅಂದ್ರು ಆಮೇಲಣ್ಣ. ಆಕೆ ಒಂದು ಖಾಲಿ ಹಾಳೆ ಮುಂದಿಟ್ಟು, 'ಆಯ್ತು ಸಾರ್, ನಡೆಯಲ್ಲ ಅಂತ ಇದರ ಮೇಲೆ ಬರ್ದು ಸಹಿ ಹಾಕಿ ಕೊಡಿ, ನಾನು ಹೋಗ್ತೀನಿ' ಅಂದ್ರು. ಆಮೇಲಣ್ಣ ಕನ್ನಡಕ ತೆಗೆದ್ರು, ಹಾಕ್ಕೊಂಡ್ರು, ಮತ್ತೆ ತೆಗೆದ್ರು, ನನ್ನ ಮುಖ ನೋಡಿದ್ರು. ಪಿನ್ನು ಪ್ರಾಂಪ್ಟ್ ಮಾಡೋಕೆ ಹಾಳೆ ತಿರುವಿ ಹಾಕಿದ್ರು, ಅದರಲ್ಲಿ ಇದಕ್ಕೆ ಮಾತು ಎಲ್ಲಿರುತ್ತೆ. ಹಾಲ್ ಪೂರ್ತಿ ಚಪ್ಪಾಳೆ. ಹಾಳೆ ಮೇಲೆ ಏನಂತ ಬರೆಸ್ಬೇಕು ಅನ್ನೋ ಚರ್ಚೆ ಅಲ್ಲೇ ಮುಕ್ಕಾಲು ಗಂಟೆ ನಡೀತು, ಕೊನೇ ವಾರದ ಕ್ಲಾಸಲ್ಲಿ ಅದನ್ನೇ ಎಲ್ಲರೂ ಬರೆದ್ರು.

ವರದಿ ಬರೆಯೋಕೆ ನಾಟಕ ಮಾಡಿದ್ದಕ್ಕಿಂತ ಜಾಸ್ತಿ ಕಷ್ಟ ಆಯ್ತು. 20 ಅಂತ ಬರೆದಿದ್ನಲ್ಲ. ಪರೀಕ್ಷೆಗೆ ಕೂತಿದ್ದು 3, ಪಾಸಾಗಿದ್ದು 2. ಫೋನಲ್ಲಿ ನನ್ನನ್ನ ಚೆನ್ನಾಗೇ ವಿಚಾರಿಸ್ಕೊಂಡ್ರು. ಕೊನೆಗೆ ಎರಡು ಪುಟ ಜಾಸ್ತಿ ಸೇರಿಸೋಕೆ ಬಿಟ್ರು, ಅದರಲ್ಲಿ ಪ್ರತಿ ವಾರದ ಹಾಜರಿ, ಯಾರು ಯಾವ ವಾರ ಏನು ಓದಿದ್ರು, ಏನು ಬರೆದ್ರು ಅಂತ ಹಾಕಿದೆ. ಪ್ರತಿ ಕ್ಲಾಸ್ ಮುಗಿದ ಕೂಡ್ಲೇ ಹತ್ತು ನಿಮಿಷ ಕೂತು ಡೈರಿ ಬರೆದಿದ್ದು ಆಗ ಕಾಪಾಡ್ತು, ನೀವೂ ಬರೀರಿ. ಪ್ರದರ್ಶನದ ಫೋಟೋ ಕೇಳಿದ್ರು, ಮುಖ ಇರೋದು ಕೊಡೋಕಾಗಲ್ಲ ಅಂದೆ, ಗೋಡೆ ಮೇಲಿನ ಪದಗಳದ್ದು ಮತ್ತೆ ಖಾಲಿ ಕುರ್ಚಿಗಳದ್ದು ಕೊಟ್ಟೆ. ಸ್ವಲ್ಪ ಮುನಿಸ್ಕೊಂಡ್ರು, ಇರ್ಲಿ.

ಎರಡನೇ ಬ್ಯಾಚ್‌ಗೆ ಅರ್ಜಿ ಹಾಕಿದೀನಿ. ಬೀಗ ಮತ್ತೆ ಪಿನ್ನು ಈ ಸಲ ನನ್ನ ಜೊತೆ ನಡೆಸ್ತಾರೆ, ಅವರಿಗೂ ಸಂಭಾವನೆ ಅಂತ ಒಂದು ಸಾಲು ಹಾಕಿದೀನಿ. ಎಷ್ಟು ಜನ ಪರೀಕ್ಷೆ ಪಾಸಾಗುತ್ತಾರೆ ಅನ್ನೋ ಕಾಲಂ ಖಾಲಿ ಬಿಟ್ಟು ಕೊಟ್ಟೆ, ಕೌಂಟರ್‌ನಲ್ಲಿದ್ದವರು ಖಾಲಿ ಇದ್ರೆ ನಡೆಯಲ್ಲ ಅಂದ್ರು. ಹಾಗಂತ ಬರ್ದು ಸಹಿ ಹಾಕಿ ಕೊಡಿ ಅಂದೆ. ಅರ್ಜಿ ತಗೊಂಡು ಒಳಗೆ ಹೋದ್ರು, 11 ದಿನ ಆಯ್ತು, ಇನ್ನೂ ಏನೂ ಹೇಳಿಲ್ಲ.